ಗಣಿತದಲ್ಲಿ 41

ಮಗಳು ಎಸ್‌ಎಸ್‌ಎಲ್‌ಸಿ ಪಾಸಾದಳು. ಗಣಿತದಲ್ಲಿ 41. ಈ ಅಂಕಕ್ಕೆ ಯಾರಾದರೂ ಪೇಡ ಹಂಚುತ್ತಾರೆಯೇ ಎನ್ನಬೇಡಿ, ನಾವು ಹಂಚುತ್ತಿದ್ದೇವೆ.

ನಾಲ್ಕನೆಯ ವಯಸ್ಸಿನಲ್ಲಿ ಅವಳಿಗೆ ರಕ್ತದ ಕ್ಯಾನ್ಸರ್ ಬಂತು. ಎರಡೂವರೆ ವರ್ಷ ಕಿದ್ವಾಯಿಗೆ ಓಡಾಡಿದೆವು. ಗುಣವಾದಾಗ ಊರೆಲ್ಲ ಹರಸಿತು. ಮೂರನೆಯ ತರಗತಿಗೆ ಬಂದಾಗ ಬೇರೆಯೇ ಪಾಡು ಶುರುವಾಯಿತು. ಕೂಡುವಾಗ ಕೈಯಲ್ಲಿ ಇಟ್ಟುಕೊಂಡ ಒಂದನ್ನು ಮರೆಯುತ್ತಿದ್ದಳು. ಹುಣಸೆಹಣ್ಣು, ಸಾಸಿವೆ, ಬೆಂಕಿಪೊಟ್ಟಣ ತರಲು ಕಳಿಸಿದರೆ ಬೆಂಕಿಪೊಟ್ಟಣವೊಂದನ್ನೇ ಹಿಡಿದು ಬರುತ್ತಿದ್ದಳು. ಆಗಿನ ಶಾಲೆಯಲ್ಲಿ ‘ಸೋಮಾರಿ’ ಎಂದರು. ನಾನೂ ಎರಡು ಬಾರಿ ಕೈಯೆತ್ತಿದ್ದೇನೆ. ಅದನ್ನು ಮುಚ್ಚಿಟ್ಟು ಈ ಬರಹ ಬರೆಯಲಾರೆ.

ನನ್ನ ಕೈ ತಡೆದ ಮನಃಶಾಸ್ತ್ರಜ್ಞೆಗೆ ಮೊದಲ ನಮಸ್ಕಾರ. ಬ್ಲಾಕ್ ಜೋಡಿಸಲು ಕೊಟ್ಟು, ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸಿ, ಅರ್ಧ ದಿನ ಪರೀಕ್ಷಿಸಿದರು. ಬುದ್ಧಿಗೇನೂ ಕೊರತೆಯಿಲ್ಲ, ವೇಗ ಮತ್ತು ಗಮನ ಕುಂದಿವೆ ಎಂದರು. ಕಾಯಿಲೆಯ ಕಣಗಳು ಮಿದುಳಿನಲ್ಲಿ ಅಡಗಿ ಕೂರದಿರಲೆಂದು ಬೆನ್ನಿಗೆ ಸೂಜಿ ಚುಚ್ಚಿ ಮೆಥೊಟ್ರೆಕ್ಸೇಟ್ ಎಂಬ ಔಷಧ ಕೊಡಲೇಬೇಕು. ಬೆಳೆಯುವ ಮಿದುಳಿನೊಳಗೆ ಸುದ್ದಿ ಸಾಗಿಸುವ ಬಿಳಿಯ ಎಳೆಗಳಿಗೆ ಕೆಲವು ಮಕ್ಕಳಲ್ಲಿ ಅದು ಪೆಟ್ಟು ಕೊಡುತ್ತದೆ, ಆ ಪೆಟ್ಟು ವರ್ಷಗಳ ಮೇಲೆ ಕಾಣಿಸಿಕೊಳ್ಳುತ್ತದೆ. ತಲೆಗೆ ವಿಕಿರಣ ಕೊಟ್ಟಿದ್ದರೆ ಇನ್ನೂ ಹೆಚ್ಚಂತೆ. ಈಗ ಬಹುಪಾಲು ಮಕ್ಕಳಿಗೆ ಅದನ್ನು ತಪ್ಪಿಸುತ್ತಾರೆ. ಔಷಧದ ಮೇಲೆ ನನಗೆ ಸಿಟ್ಟಿಲ್ಲ. ಅದು ಇಲ್ಲದಿದ್ದರೆ ಬೈಯಲಿಕ್ಕೆ ಮಗಳೇ ಇರುತ್ತಿರಲಿಲ್ಲ. ಅದರ ಹಿಂದೆ ಭೀಮಾವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡವಿದೆ ಎಂದು ಆಮೇಲೆ ಓದಿದೆ. ಅವರಿಗೂ ಒಂದು ನಮಸ್ಕಾರ.

ಎರಡನೆಯ ಶಾಲೆಯ ಗಣಿತದ ಮೇಡಂ, ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಬ್ಲೇಡಿನಿಂದ ಒಂದು ಕಿಟಕಿ ಕೊರೆದುಕೊಟ್ಟಿದ್ದರು. ಪುಟದ ಮೇಲಿಟ್ಟರೆ ಒಂದು ಲೆಕ್ಕ ಮಾತ್ರ ಕಾಣುತ್ತದೆ, ಉಳಿದವು ಹೆದರಿಸುವುದಿಲ್ಲ. ಹತ್ತನೆಯ ತರಗತಿಯವರೆಗೆ ಅಂಥ ನಾಲ್ಕು ರಟ್ಟುಗಳು ಹರಿದವು. ಕೊನೆಯದರಲ್ಲಿ ಗಣಪತಿಯ ಅರ್ಧ ಸೊಂಡಿಲು ಇನ್ನೂ ಉಳಿದಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗಲೆಂದು ಕಚೇರಿ ಅಲೆದ ಮುಖ್ಯೋಪಾಧ್ಯಾಯರೇ, ದಿನವೂ ನೋಟ್ಸ್ ಕೊಟ್ಟು ‘ನಾಳೆ ಕೊಡು, ಅವಸರವಿಲ್ಲ’ ಎಂದ ಪಕ್ಕದ ಬೆಂಚಿನ ಹುಡುಗಿಯೇ, ಚಿಲ್ಲರೆ ಎಣಿಸಿ ಮುಗಿಸುವವರೆಗೆ ಹಿಂದಿನ ಗಿರಾಕಿಗಳನ್ನು ಸುಮ್ಮನಿರಿಸಿದ ಅಂಗಡಿಯ ಅಣ್ಣ, ನೀವೆಲ್ಲ ಅವಳಿಗಾಗಿ ಕಾದಿರಿ. ನಾನು ಕಾಯಲು ಕಲಿತದ್ದು ನಿಮ್ಮನ್ನು ನೋಡಿಯೇ.

ನಾಳೆ ಸಂಜೆ ಪೇಡ ಹಿಡಿದು ಬರುತ್ತೇವೆ. ಯಾರ ಮನೆಯೂ ಬಿಟ್ಟುಹೋಗಬಾರದೆಂದು ಮಗಳು ಚೀಟಿ ಬರೆದುಕೊಂಡಿದ್ದಾಳೆ, ಹನ್ನೊಂದು ಹೆಸರುಗಳಿವೆ. ಸ್ವಲ್ಪ ತಡವಾಗಬಹುದು.