ಮೇಲಿನ ತೂತಿನಿಂದ ಗೇರ್ ಆಯಿಲ್ ಹುಯ್ದ ‘ಯಶಸ್ವಿ’ ಶಿಬಿರ

ಮಾನ್ಯರೇ,

ನಾಡದೋಣಿಯವರಿಗಾಗಿ ಮೊನ್ನೆ ಇಲ್ಲಿ ನಡೆದ, ದೋಣಿಯ ಹೊರಬದಿಗೆ ಸಿಕ್ಕಿಸುವ ಔಟ್‌ಬೋರ್ಡ್ ಎಂಜಿನ್ ನಿರ್ವಹಣಾ ಶಿಬಿರ ಯಶಸ್ವಿಯಾಯಿತೆಂದು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಫೋಟೋದ ಬಲತುದಿಯಲ್ಲಿ ಅರ್ಧ ತಲೆ ಮಾತ್ರ ಕಾಣುತ್ತಿರುವವನು ನಾನೇ. ಆ ಯಶಸ್ಸಿನಲ್ಲಿ ನನಗೂ ಪಾಲು ಇರುವುದರಿಂದ ಈ ಪತ್ರ.

ದಯವಿಟ್ಟು ಆ ಫೋಟೋವನ್ನು ಇನ್ನೊಮ್ಮೆ ನೋಡಿ. ತರಬೇತಿ ಕೊಡಲು ಬಂದ ಮಹನೀಯರು ಗೇರ್ ಬಾಕ್ಸಿನ ಮೇಲಿನ ತೂತಿಗೆ ಕೊಳವೆ ಇಟ್ಟು ಎಣ್ಣೆ ಹುಯ್ಯುತ್ತಿದ್ದಾರೆ. ನಮ್ಮ ಕೇರಿಯಲ್ಲಿ ಇನ್ನೂ ಮೀಸೆ ಬಾರದ ಹುಡುಗರಿಗೂ ಗೊತ್ತು, ಗೇರ್ ಆಯಿಲ್ ತುಂಬುವುದು ಕೆಳಗಿನಿಂದ ಎಂದು. ಎರಡೂ ಸ್ಕ್ರೂ ಬಿಚ್ಚಿ, ಹಳೆಯ ಎಣ್ಣೆಯನ್ನು ಪೂರ್ತಿ ಇಳಿಸಿ, ಕೆಳಗಿನ ತೂತಿಗೆ ಟ್ಯೂಬ್ ಹಚ್ಚಿ ಒತ್ತುತ್ತಾ ಹೋದರೆ ಒಳಗಿನ ಗಾಳಿಯೆಲ್ಲ ಮೇಲಿನ ತೂತಿನಿಂದ ಹೊರಬೀಳುತ್ತದೆ. ಗುಳ್ಳೆ ನಿಂತು ಬರೀ ಎಣ್ಣೆ ಉಕ್ಕಿದಾಗ ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು, ಎರಡಕ್ಕೂ ಹೊಸ ವಾಷರ್. ಮೇಲಿನಿಂದ ಹುಯ್ದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ತುಂಬಿದಂತೆ ಕಾಣುತ್ತದೆ, ತುಂಬಿರುವುದಿಲ್ಲ. ನಮ್ಮ ಸಣ್ಣ ಎಂಜಿನ್ನಿಗೆ ಹಿಡಿಯುವುದೇ ಅರ್ಧ ಲೀಟರಿಗಿಂತ ಕಡಿಮೆ, ಅದರಲ್ಲೂ ಕಡಿಮೆಯಾದರೆ ಗೇರಿನ ಹಲ್ಲಿನ ಗತಿ ಏನು? ಇದನ್ನು ಕೇಳಲು ಕೈ ಎತ್ತಿದೆ. ‘ಪ್ರಶ್ನೆಗಳಿಗೆ ಕೊನೆಯಲ್ಲಿ ಸಮಯವಿದೆ’ ಎಂದರು. ಕೊನೆಯಲ್ಲಿ ವಂದನಾರ್ಪಣೆ ಇತ್ತು.

ಎಂಜಿನ್ ತಂದರೆ ಸ್ಥಳದಲ್ಲೇ ಆಯಿಲ್ ಸೀಲ್ (ಎಣ್ಣೆ ಹೊರಗೆ, ನೀರು ಒಳಗೆ ಹೋಗದಂತೆ ತಡೆಯುವ ರಬ್ಬರ್ ಬಳೆ) ಪರೀಕ್ಷಿಸಿ ಕೊಡಲಾಗುವುದು ಎಂದು ಕರಪತ್ರದಲ್ಲಿತ್ತು. ನಂಬಿದೆ. ಇಬ್ಬರು ಸೇರಿ ಎಂಜಿನ್ ಎತ್ತಿ ರಿಕ್ಷಾದಲ್ಲಿಟ್ಟು, ಹೋಗಿ ಬರುವುದಕ್ಕೆ 400 ರೂಪಾಯಿ ಬಾಡಿಗೆ ಕೊಟ್ಟು ಒಂಬತ್ತಕ್ಕೆ ಸರಿಯಾಗಿ ಹಾಜರಾದೆ. ದೀಪ ಬೆಳಗಬೇಕಾದವರು ಬಂದದ್ದು ಹನ್ನೊಂದೂವರೆಗೆ. ದೀಪ ಹೊತ್ತಿಕೊಳ್ಳಲು ಇನ್ನೂ ಹತ್ತು ನಿಮಿಷ, ಗಾಳಿ ಜೋರಾಗಿತ್ತಂತೆ. ಸಮುದ್ರದಲ್ಲಿ ಮಾತ್ರ ಆ ದಿನ ಗಾಳಿಯೇ ಇರಲಿಲ್ಲ! ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಯಾಂತ್ರಿಕ ಬೋಟುಗಳು ದಡದಲ್ಲಿರುತ್ತವೆ, ಕಡಲಿಗಿಳಿಯುವುದಕ್ಕೆ ಅವಕಾಶವಿರುವುದು 10 ಅಶ್ವಶಕ್ತಿಯೊಳಗಿನ ನಾಡದೋಣಿಗಳಿಗೆ ಮಾತ್ರ. ಆ ಎರಡು ತಿಂಗಳಲ್ಲಿ ಹೊಳೆ ಕಡಲು ಸೇರುವ ಅಳಿವೆ ದಾಟಲು ಆಗುವ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದು. ಅಂಥದ್ದೊಂದು ದಿನವನ್ನೇ ಹುಡುಕಿ ಶಿಬಿರ ಇಟ್ಟವರ ಜಾಣತನಕ್ಕೆ ಕೈ ಮುಗಿಯಬೇಕು. ಶಿಬಿರಕ್ಕೆ ಬಾರದ ನನ್ನ ಭಾವ ಸಂಜೆ ಆರು ಬುಟ್ಟಿ ಬಂಗುಡೆ ಇಳಿಸಿದರು. ನನಗೆ ತಣ್ಣಗಾದ ಎರಡು ಗೋಳಿಬಜೆ ಮತ್ತು ಒಂದು ಪ್ರಮಾಣಪತ್ರ ಸಿಕ್ಕಿತು.

ನನ್ನ ಎಂಜಿನ್ನಿನ ಕಥೆ ಇಷ್ಟು. ಶಿಬಿರದ ಮುಂಚಿನ ದಿನ ರಾತ್ರಿಯಿಡೀ ನಿಂತಿದ್ದ ಎಂಜಿನ್ನಿನ ಕೆಳಗಿನ ಸ್ಕ್ರೂವನ್ನು ಬೆಳಿಗ್ಗೆ ಸ್ವಲ್ಪವೇ ಸಡಿಲಿಸಿದೆ. ಮೊದಲು ಎರಡು ಚಮಚದಷ್ಟು ಬರೀ ನೀರು ಬಂತು, ನಾಲಗೆಗೆ ಮುಟ್ಟಿಸಿದರೆ ಉಪ್ಪು. ಹಿಂದೆಯೇ ಬಂದದ್ದು ಹಾಲು ಜಾಸ್ತಿಯಾದ ಚಹಾದ ಬಣ್ಣದ ಎಣ್ಣೆ, ಅಂದರೆ ಕಡಲ ನೀರು ಗೇರ್ ಬಾಕ್ಸಿಗೆ ನುಗ್ಗಿದೆ. ನೀರು ತಳ್ಳುವ ಫ್ಯಾನ್ ಬಿಚ್ಚಿದಾಗ ಅದರ ಹಿಂದೆ, ಅದನ್ನು ತಿರುಗಿಸುವ ಶಾಫ್ಟಿನ ಸುತ್ತ, ಬಲೆಯ ನೈಲಾನ್ ನೂಲು ಬಿಗಿಯಾಗಿ ಸುತ್ತಿಕೊಂಡು ಬಿಸಿಗೆ ಕರಗಿ ಬಳೆಯಂತಾಗಿತ್ತು. ಚೂರಿಯಿಂದ ಕೊಯ್ದು ತೆಗೆದೆ. ಆ ನೂಲಿನಿಂದ ಶಾಫ್ಟಿನ ಸೀಲಿನ ತುಟಿ ಕತ್ತರಿಸಿದೆಯೋ, ಅಥವಾ ನೀರು ಮೇಲಿನಿಂದ, ವಾಟರ್ ಪಂಪಿನ ಕೆಳಗಿರುವ ಸೀಲಿನಿಂದ ಇಳಿಯುತ್ತಿದೆಯೋ? ಗೇರ್ ಹಾಕುವ ಸರಳಿನ ಬುಡದಲ್ಲೂ ಒಂದು ಸೀಲ್ ಇದೆ. ಎಣ್ಣೆ ಇಳಿಸಿದ ಗೇರ್ ಬಾಕ್ಸಿಗೆ ಕೈಪಂಪಿನಿಂದ ಸ್ವಲ್ಪ ಗಾಳಿ ತುಂಬಿಸಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಶಾಫ್ಟನ್ನು ತಿರುಗಿಸುತ್ತಾ ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ನೋಡಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಅಷ್ಟಕ್ಕಾಗಿಯೇ ನಾನು ಹೋದದ್ದು. ಅಲ್ಲಿ ತೊಟ್ಟಿಯೂ ಇರಲಿಲ್ಲ, ಪಂಪೂ ಇರಲಿಲ್ಲ. ಪರದೆಯ ಮೇಲೆ ಪಂಪಿನ ಚಿತ್ರ ಇತ್ತು, ಬಹಳ ಸ್ಪಷ್ಟವಾಗಿತ್ತು.

ಇಷ್ಟರ ಮೇಲೆ, ಸ್ಕ್ರೂಡ್ರೈವರನ್ನೂ ಅವರು ತಂದಿರಲಿಲ್ಲ. ನನ್ನದನ್ನು ತೆಗೆದುಕೊಂಡರು. ಇಂದಿಗೆ ಮೂರು ದಿನ, ವಾಪಸ್ ಬಂದಿಲ್ಲ.

ಭಾಷಣ ಮಾಡಿದವರೊಬ್ಬರು ‘ಎಂಜಿನ್ ಕೆಡುವುದಕ್ಕೆ ಮೀನುಗಾರರ ನಿರ್ಲಕ್ಷ್ಯವೇ ಕಾರಣ’ ಎಂದರು. ನಿಮ್ಮ ವರದಿಗಾರರೂ ಅದನ್ನೇ ದಪ್ಪಕ್ಷರದಲ್ಲಿ ಹಾಕಿದ್ದಾರೆ. ಯಾರ ನಿರ್ಲಕ್ಷ್ಯ? ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವ ಎಂಜಿನ್ ನಮ್ಮದು; ಮೀನಿರುವಾಗ ಸೀಮೆಎಣ್ಣೆ ಬರುವುದಿಲ್ಲ, ಸೀಮೆಎಣ್ಣೆ ಬರುವಾಗ ಮೀನಿರುವುದಿಲ್ಲ. ಅಳಿವೆಯ ಹೂಳು ತೆಗೆಯುತ್ತೇವೆಂದು ಅಳತೆ ಮಾಡಿ ಹೋದವರು ನೆಟ್ಟ ಕಂಬವೇ ಈಗ ಹೂಳಿನಲ್ಲಿ ಮುಳುಗಿದೆ. ಆ ಮರಳಿಗೆ ಫ್ಯಾನ್ ಬಡಿದು ಶಾಫ್ಟ್ ಒಂದು ಕೂದಲೆಳೆ ಓಲಿದರೂ ಹೊಸ ಸೀಲ್ ತಿಂಗಳು ಬಾಳುವುದಿಲ್ಲ. ಅದು ಕೂಡ ನಮ್ಮ ನಿರ್ಲಕ್ಷ್ಯವೇ ಇರಬೇಕು. ದೋಣಿ ನಿಲ್ಲುವ ದಕ್ಕೆಯ ದೀಪ ಕೆಟ್ಟು ಎಷ್ಟು ಕಾಲವಾಯಿತೆಂದು ನಾನು ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಹೋದ ವರ್ಷ ಲೈಫ್ ಜಾಕೆಟಿಗೆ ಮೂರು ಸಲ ಆಧಾರ್ ಜೆರಾಕ್ಸ್ ಕೊಟ್ಟಿದ್ದೇನೆ, ಜೆರಾಕ್ಸ್ ಕಟ್ಟಿಕೊಂಡು ತೇಲಲು ಆಗುವುದಿಲ್ಲ.

ಸಂಬಂಧಪಟ್ಟವರು ಈ ಶಿಬಿರವನ್ನು ಪಂಪು, ತೊಟ್ಟಿ, ಅಸಲಿ ಸೀಲುಗಳ ಸಮೇತ ಇನ್ನೊಮ್ಮೆ ಮಾಡಬೇಕು, ಮಾಡುವುದಾದರೆ ತೂಫಾನ್ ಇರುವ ದಿನ ಮಾಡಬೇಕು. ಇಲ್ಲವಾದರೆ ಮಾಡುವುದೇ ಬೇಡ, ಆ ದುಡ್ಡಿನಲ್ಲಿ ಸೀಮೆಎಣ್ಣೆ ಕೊಡಲಿ, ಹೂಳನ್ನೂ ತೆಗೆಯಲಿ. ಮೇಲಿನ ತೂತಿನಿಂದ ಎಣ್ಣೆ ಹಾಕಿಸಿಕೊಂಡ ಆ ಪಾಪದ ಎಂಜಿನ್ನಿನ ಮಾಲೀಕರು ಯಾರೇ ಆಗಿರಲಿ, ಕಡಲಿಗಿಳಿಯುವ ಮೊದಲು ಒಮ್ಮೆ ಎಣ್ಣೆ ಇಳಿಸಿ ಮತ್ತೆ ತುಂಬಿಸಿಕೊಳ್ಳಿ. ಸ್ಕ್ರೂಡ್ರೈವರಿನ ಹಿಡಿ ಹಳದಿ, ತುದಿಯಲ್ಲಿ ಕರಿ ಟೇಪ್ ಸುತ್ತಿದೆ. ಒಯ್ದವರಿಗೆ ಗೊತ್ತಿರುತ್ತದೆ.

– ನಾಡದೋಣಿ ಮೀನುಗಾರ, ಉಡುಪಿ ಜಿಲ್ಲೆ