ಒಪ್ಪಿಗೆ ಕಳಿಸುವ ಮುಂಚೆ ಒಮ್ಮೆ ಇದನ್ನು ಓದು

ಪ್ರೀತಿಯ ಗೆಳೆಯಾ,

ಕಲಾವಿದರು ಕೆಲವು ಕಾಲ ಉಳಿದು ಕೆಲಸ ಮಾಡುವ ಆ ರೆಸಿಡೆನ್ಸಿಗೆ ಆಯ್ಕೆಯಾಗಿದ್ದೀಯ ಅಂತ ನಿನ್ನ ಪತ್ರದಲ್ಲಿ ಓದಿದಾಗ ನನಗೇ ಸಿಕ್ಕಷ್ಟು ಖುಷಿಯಾಯಿತು. ನೀನು ಜೊತೆಗಿಟ್ಟಿದ್ದ ಅವರ ಷರತ್ತುಗಳನ್ನು ಓದಿದ ಮೇಲೆ ಮಾತ್ರ ನಿದ್ದೆ ಬರಲಿಲ್ಲ. ಸ್ಟುಡಿಯೋ ಶುಲ್ಕ ನೀನೇ ಕಟ್ಟಬೇಕು, ವಿಮಾನದ ಖರ್ಚು ನಿನ್ನದೇ, ಸಾಮಗ್ರಿಯೂ ನಿನ್ನದೇ. ಕೊನೆಗೆ ಒಂದು ಕೃತಿಯನ್ನೂ ಅವರಿಗೆ ಬಿಟ್ಟು ಬರಬೇಕು. ಸಾಲ ಮಾಡಿಯಾದರೂ ಹೋಗುತ್ತೇನೆ ಅಂದಿದ್ದೀಯ. ಬೇಡ ಕಣೋ.

ಅಂಥದ್ದೊಂದು ಕಡೆ ನಾನು ಹೋಗಿ ಬಂದಿದ್ದೇನೆ, ನಿನಗೆ ಯಾವತ್ತೂ ಹೇಳಿರಲಿಲ್ಲ. ಒಂದೇ ಕೋಣೆಯನ್ನು ಪ್ಲೈವುಡ್ ಹಲಗೆ ನಿಲ್ಲಿಸಿ ಎರಡು ಸ್ಟುಡಿಯೋ ಮಾಡಿದ್ದರು. ಆಚೆ ಬದಿಯ ಶಿಲ್ಪಿ ಉಜ್ಜುವ ಯಂತ್ರ ಶುರು ಮಾಡಿದರೆ ನನ್ನ ಹಸಿ ಬಣ್ಣದ ಮೇಲೆ ಬಿಳಿ ಧೂಳು ಬಂದು ಕೂರುತ್ತಿತ್ತು. ಪಾಪ, ಅವಳೂ ದುಡ್ಡು ಕಟ್ಟಿಯೇ ಬಂದಿದ್ದಳು, ಅವಳದೇನೂ ತಪ್ಪಿರಲಿಲ್ಲ. ಆರು ವಾರದಲ್ಲಿ ಪ್ರದರ್ಶನಗಳಿಗೆ ಕೃತಿಗಳನ್ನು ಆರಿಸುವ ಕ್ಯುರೇಟರ್ ಒಬ್ಬರೂ ನಮ್ಮ ಬಾಗಿಲಿಗೆ ಬರಲಿಲ್ಲ. ವಾಪಸು ಬಂದ ಮೇಲೆ ಆ ಸಾಲ ತೀರಿಸಲು ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಕುಂಚ ಮುಟ್ಟಲಿಲ್ಲ.

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಅಕಾಡೆಮಿಯನ್ನೇ ನೋಡು. ಹಳೆಯ ಅಶ್ವದಳದ ಬ್ಯಾರಕ್ಕಿನಲ್ಲಿದೆ. ಅಲ್ಲಿ ಎರಡು ವರ್ಷದ ರೆಸಿಡೆನ್ಸಿ, ಸ್ಟುಡಿಯೋ ಜೊತೆಗೆ ಖರ್ಚಿಗೆ ಸ್ಟೈಪೆಂಡ್ ಕೊಡುತ್ತಾರೆ. ಸೆರಾಮಿಕ್, ಮರ, ಲೋಹ, ಮುದ್ರಣ ಎಲ್ಲಕ್ಕೂ ಕಾರ್ಯಾಗಾರಗಳಿವೆ, ಕೈಹಿಡಿದು ಕಲಿಸುವ ಪರಿಣತರಿದ್ದಾರೆ. ಕಲಾವಿದರು, ಕ್ಯುರೇಟರುಗಳು ನಿನ್ನ ಸ್ಟುಡಿಯೋಗೇ ಬಂದು ಕೂತು ಮಾತಾಡುತ್ತಾರೆ. ಚಿತ್ರಕಾರನಾಗಿ ಒಳಗೆ ಹೋದವನು ಜೇಡಿಮಣ್ಣು ಮೆತ್ತಿದ ಕೈಯಲ್ಲಿ ಹೊರಗೆ ಬರಬಹುದು. ಅಲ್ಲಿ ಸೀಟು ಸಿಗುವುದು ಬಹಳ ಕಷ್ಟ, ನಿಜ. ಆದರೆ ಯಾವ ಆಹ್ವಾನ ಬಂದರೂ ನೀನು ಕೇಳಬೇಕಾದ ಪ್ರಶ್ನೆ ಅದೇ: ನನ್ನ ಕೋಣೆಯಲ್ಲಿ ಸಿಗದ ಏನು ಅಲ್ಲಿ ಸಿಗುತ್ತದೆ?

ದುಡ್ಡೊಂದೇ ಮುಖ್ಯ ಅಂತ ಹೇಳುತ್ತಿಲ್ಲ. ಅಮೆರಿಕದ ಮಿಯರ್ಲ್ ಲೇಡರ್‌ಮನ್ ಯುಕೆಲೀಸ್ 1977ರಲ್ಲಿ ನ್ಯೂಯಾರ್ಕಿನ ಸ್ವಚ್ಛತಾ ಇಲಾಖೆಯಲ್ಲೇ ರೆಸಿಡೆನ್ಸಿ ಕಲಾವಿದೆಯಾಗಿ ಸೇರಿದಾಗ ಸಂಬಳ ಇರಲಿಲ್ಲ. ಆದರೆ ಬೇರೆ ಯಾವ ಕಲಾವಿದರಿಗೂ ಸಿಗದ ಪ್ರವೇಶ ಅವರಿಗೆ ಸಿಕ್ಕಿತು. 1979ರಿಂದ 1980ರವರೆಗೆ ಊರಿಡೀ ತಿರುಗಿ ಸುಮಾರು 8,500 ಪೌರಕಾರ್ಮಿಕರ ಕೈ ಕುಲುಕಿದರು. ಒಬ್ಬೊಬ್ಬರ ಮುಖ ನೋಡಿ, ನ್ಯೂಯಾರ್ಕನ್ನು ಜೀವಂತವಾಗಿ ಇಟ್ಟಿದ್ದಕ್ಕೆ ಧನ್ಯವಾದ ಅಂದರು. ಆ ಕೈಕುಲುಕುವಿಕೆಯೇ ಕೃತಿ. ಅದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. ಮನೆಯಲ್ಲಿ ಕೂತು ಅದನ್ನು ಮಾಡಲು ಸಾಧ್ಯವಿತ್ತೇ ಹೇಳು.

ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಪ್ಯಾರಿಸ್ಸಿನ ಸಿತೆ ಇಂಟರ್‌ನ್ಯಾಷನಾಲ್ ದೇಜಾರ್ ಎಂಬ ರೆಸಿಡೆನ್ಸಿ ಕೇಂದ್ರ 1965ರಲ್ಲಿ ಶುರುವಾದದ್ದು, ಈಗ 300ಕ್ಕೂ ಹೆಚ್ಚು ಸ್ಟುಡಿಯೋಗಳಿವೆ. ಅವುಗಳಲ್ಲಿ ಎಷ್ಟೋ ಸ್ಟುಡಿಯೋಗಳನ್ನು ಬೇರೆ ಬೇರೆ ದೇಶ, ನಗರ, ಪ್ರತಿಷ್ಠಾನಗಳು ತಮ್ಮ ಕಲಾವಿದರಿಗಾಗಿ ಹಿಡಿದಿಟ್ಟಿವೆ. ಬರ್ಲಿನ್ನಿನ ಕ್ಯೂನ್ಸ್ಟ್‌ಲರ್‌ಹೌಸ್ ಬೆಥಾನಿಯೆನ್‌ನಲ್ಲೂ, ನ್ಯೂಯಾರ್ಕಿನ ಐಎಸ್‌ಸಿಪಿ ಎಂಬ ರೆಸಿಡೆನ್ಸಿಯಲ್ಲೂ ಬಹಳಷ್ಟು ಮಂದಿ ಹೀಗೆ ಪ್ರಾಯೋಜಕರ ಬೆಂಬಲದಿಂದಲೇ ಬರುತ್ತಾರೆ. ಅಂದರೆ ಆಯ್ಕೆ ಎಷ್ಟೋ ಸಲ ಇನ್ಯಾವುದೋ ಕಚೇರಿಯಲ್ಲಿ ಆಗಿರುತ್ತದೆ. ಯಾರ ದೇಶ ಸ್ಟುಡಿಯೋ ಹಿಡಿದಿಲ್ಲವೋ ಅವರು ಎಷ್ಟೇ ಒಳ್ಳೆಯ ಕಲಾವಿದರಾದರೂ ಹೊರಗೆ ನಿಲ್ಲುತ್ತಾರೆ. ಈ ಅನ್ಯಾಯ ನನ್ನನ್ನು ಈಗಲೂ ಕೆರಳಿಸುತ್ತದೆ. ಹಾಗಾಗಿ ಅರ್ಜಿ ಹಾಕುವಾಗ ಸಂಸ್ಥೆಯ ಹೆಸರಿಗಿಂತ ಮೊದಲು ಪ್ರಾಯೋಜಕರು ಯಾರು ಅಂತ ಹುಡುಕು.

ಕ್ಯುರೇಟರ್ ಆಗಬೇಕೆಂದಿರುವ ನಿನ್ನ ತಂಗಿಗೆ ಆಮ್‌ಸ್ಟರ್‌ಡ್ಯಾಮಿನ ಡಿ ಆಪೆಲ್ ಕಲಾಕೇಂದ್ರದ ಬಗ್ಗೆ ಹೇಳು. ಅವರ ಕ್ಯುರೇಟರ್ ತರಬೇತಿ ಕಾರ್ಯಕ್ರಮ 1994ರಲ್ಲಿ ಶುರುವಾದದ್ದು. ಐಎಸ್‌ಸಿಪಿ ಕೂಡ ಕ್ಯುರೇಟರುಗಳನ್ನು ತೆಗೆದುಕೊಳ್ಳುತ್ತದೆ.

ವೀಸಾ ಮರೆಯಬೇಡ. ಯುರೋಪಿನ ಬಹುತೇಕ ದೇಶಗಳಿಗೆ ಒಟ್ಟಿಗೆ ಸಿಗುವ ಷೆಂಗೆನ್ ಅಲ್ಪಾವಧಿ ವೀಸಾದಲ್ಲಿ 180 ದಿನಗಳ ಅವಧಿಯಲ್ಲಿ ಇರಬಹುದಾದದ್ದು 90 ದಿನ ಮಾತ್ರ. ಅದಕ್ಕಿಂತ ಉದ್ದದ ರೆಸಿಡೆನ್ಸಿಯಾದರೆ ಬೇರೆ ವೀಸಾ ಬೇಕು, ಆ ಕಾಗದಪತ್ರ ಕೊಡುತ್ತಾರಾ ಅಂತ ಮೊದಲೇ ಕೇಳಿಕೊ.

ನಾಳೆ ಅವರಿಗೆ ಒಂದು ಪತ್ರ ಬರೆ. ಶುಲ್ಕ ಬಿಡಲು ಸಾಧ್ಯವೇ, ಸ್ಟುಡಿಯೋ ಒಬ್ಬರಿಗೋ ಇಬ್ಬರಿಗೋ, ಕೆಲಸ ನೋಡಲು ಯಾರು ಬರುತ್ತಾರೆ, ಕೃತಿ ಬಿಟ್ಟು ಬರಲೇಬೇಕೇ ಅಂತ ನೇರವಾಗಿ ಕೇಳು. ಕಳೆದ ವರ್ಷ ಅಲ್ಲಿದ್ದ ಇಬ್ಬರು ಕಲಾವಿದರ ಸಂಪರ್ಕವನ್ನೂ ಕೇಳಿ ಪಡೆದುಕೊ. ಉತ್ತರ ಬಂದ ತಕ್ಷಣ ನನಗೆ ಕಳಿಸು, ಇಬ್ಬರೂ ಕೂತು ಓದೋಣ. ಅಷ್ಟರಲ್ಲಿ ಪೋರ್ಟ್‌ಫೋಲಿಯೋ ಮತ್ತೆ ಜೋಡಿಸು. ಆ ಇದ್ದಿಲಿನ ಸರಣಿಯನ್ನು ಕೊನೆಯಲ್ಲಿ ಇಟ್ಟಿದ್ದೀಯ, ಅದು ಮೊದಲ ಪುಟಕ್ಕೆ ಬರಬೇಕು.

ನಿನ್ನ,
ಗೆಳೆಯ