ಒಂದೇ ಊರಿಗೆ ಎರಡು ಪುಟ ಯಾಕೆ?

ಸಂಪಾದಕರೇ,

ಕನ್ನಡ ವಿಕಿಪೀಡಿಯ 2003ರಿಂದ ಇದೆ. ಬಿಡುವಿದ್ದಾಗ ನಾನೂ ಅಲ್ಲಿ ತಿದ್ದುತ್ತೇನೆ. ಹಳೇಬೀಡು ಅಂತಲೂ ಬರೆಯುತ್ತೇವೆ, ಹಳೆಬೀಡು ಅಂತಲೂ ಬರೆಯುತ್ತೇವೆ ಅಲ್ವಾ? ಹೀಗೆ ಒಂದು ದೀರ್ಘ ಆಚೀಚೆಯಾದರೆ ಸಾಕು, ಹುಡುಕಿದವರಿಗೆ ಹಳೆಯ ಪುಟ ಕಾಣದೆ ಅದೇ ವಿಷಯಕ್ಕೆ ಹೊಸದೊಂದು ಹುಟ್ಟಿಕೊಳ್ಳಬಹುದು. ಆಗ ಒಂದನ್ನು ಸುಮ್ನೆ ಅಳಿಸಬಾರದು. ಎರಡರಲ್ಲಿರುವ ಒಳ್ಳೆಯ ಸಾಲುಗಳನ್ನೂ ಸೇರಿಸಿ, ಇನ್ನೊಂದು ಹೆಸರಿನಿಂದ ಅಲ್ಲಿಗೇ ದಾರಿ ಮಾಡಿಕೊಡಬೇಕು. ಯಾರೋ ರಾತ್ರಿ ಕೂತು ಬರೆದಿರುತ್ತಾರೆ.

ಜಾಹೀರಾತಿನ ಕಾಟ ಇದಕ್ಕಿಂತ ಜಾಸ್ತಿ. ಹೋದ ತಿಂಗಳು ಒಂದು ಆಸ್ಪತ್ರೆಯ ಪುಟ ಓದಿದೆ. ನೋಡೋಕೆ ಲೇಖನದ ಹಾಗೇ ಇತ್ತು. ಆದರೆ ಅಲ್ಲಲ್ಲಿ ‘ಹೆಸರಾಂತ’, ‘ನುರಿತ’, ‘ಕೈಗೆಟುಕುವ ದರ’, ಕೆಳಗಿನ ಐದೂ ಉಲ್ಲೇಖ ಅವರದೇ ಜಾಲತಾಣದವು! ಆ ಪದಗಳನ್ನು ತೆಗೆದು ಚರ್ಚೆ ಪುಟದಲ್ಲಿ ಕಾರಣ ಬರೆದೆ. ಮರುದಿನ ಎಲ್ಲವೂ ವಾಪಸ್. ದುಡ್ಡು ಪಡೆದು ಬರೆಯುವವರು ಅದನ್ನು ಹೇಳಿಕೊಳ್ಳಬೇಕು ಅನ್ನುವ ನಿಯಮ 2014ರಿಂದಲೇ ಇದೆ.

ಕಾಯುವ ಕೈಗಳು ಕಡಿಮೆ. ಓದುಗರಿಗೆ ಇಂಥದ್ದು ಕಂಡರೆ ಪುಟದ ಇತಿಹಾಸ ತೆರೆದು ನೋಡಿ, ಅಲ್ಲಿ ಎಲ್ಲರೂ ಸೇರಿ ಚರ್ಚಿಸುವ ‘ಅರಳಿಕಟ್ಟೆ’ ಪುಟದಲ್ಲಿ ಎರಡು ಸಾಲು ಬರೆಯಿರಿ.

– ಒಬ್ಬ ಓದುಗ, ಧಾರವಾಡ